ಟೋಸ್ಕನೀನಿಯ ಹಸ್ತಪ್ರತಿ ಓದಿದ ಮೇಲೆ

ಪ್ರೀತಿಯ ತಮ್ಮಾ,

ನೀನು ಬರೆದು ಕಳಿಸಿದ, ಇಟಲಿಯ ಕಂಡಕ್ಟರ್ (ವಾದ್ಯವೃಂದವನ್ನು ಕೋಲಾಡಿಸಿ ನಡೆಸುವವ) ಆರ್ತುರೊ ಟೋಸ್ಕನೀನಿಯ ಜೀವನಚರಿತ್ರೆ ಓದಿ ಮುಗಿಸಿದೆ. ಪ್ರಕಾಶಕರು, ಪುಟಸಂಖ್ಯೆ, ಕಾಗುಣಿತ ಎಲ್ಲ ಆಮೇಲಿನ ಮಾತು. ‘ಇದನ್ನು ಸುಟ್ಟುಬಿಡಲೇ’ ಎಂದು ಕೇಳಿದ್ದೀಯಲ್ಲ, ಅಂಥ ಕೆಲಸ ಮಾಡಬೇಡ. ಆದರೆ ಮೊದಲ ಅಧ್ಯಾಯಕ್ಕೇ ನನಗೆ ಸಿಟ್ಟು ಬಂತು.

1886ರ ಜೂನ್ 30, ರಿಯೋ ಡಿ ಜನೈರೊ. ಪ್ರೇಕ್ಷಕರ ಕೂಗಾಟಕ್ಕೆ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ತಂಡದ ಇಬ್ಬರು ಕಂಡಕ್ಟರ್‌ಗಳು ಒಬ್ಬರಾದ ಮೇಲೊಬ್ಬರು ಹಿಂದೆ ಸರಿದರು. ಚೆಲ್ಲೊ (ದೊಡ್ಡ ಪಿಟೀಲಿನಂಥ ವಾದ್ಯ) ನುಡಿಸುತ್ತಿದ್ದ 19ರ ಹುಡುಗ ಟೋಸ್ಕನೀನಿ ಎದ್ದುಬಂದು, ವರ್ದಿ ರಚಿಸಿದ ‘ಐದಾ’ ಒಪೆರಾವನ್ನು ಸ್ವರಲಿಪಿ ನೋಡದೆ ನಡೆಸಿಕೊಟ್ಟ. ಇದಕ್ಕೆ ನಾಲ್ಕು ಸಲ ‘ಪವಾಡ’ ಎಂದಿದ್ದೀ. ಆ ತಂಡದಲ್ಲಿ ಅವನು ಮೇಳಗಾಯಕರಿಗೆ ಪಾಠ ಹೇಳುವ ಸಹಾಯಕನೂ ಆಗಿದ್ದ. ಯಾರು ಎಲ್ಲಿ ಉಸಿರೆಳೆದುಕೊಳ್ಳುತ್ತಾರೆ, ಎಲ್ಲಿ ತಡವರಿಸುತ್ತಾರೆ ಎಂಬುದು ಗೊತ್ತಾಗುವುದೇ ಆ ಕೆಲಸದಲ್ಲಿ. ದೂರದ್ದು ಕಾಣದ ಕಣ್ಣು ಬೇರೆ. ಕಂಠಪಾಠ ಮಾಡದೆ ವಿಧಿಯಿರಲಿಲ್ಲ. ಮುಂದಿನ ಫೆಬ್ರವರಿಯಲ್ಲಿ ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ವರ್ದಿಯ ‘ಒತೆಲ್ಲೊ’ ಮೊದಲ ಪ್ರದರ್ಶನ ಕಂಡಾಗ ಅವನು ಮತ್ತೆ ಚೆಲ್ಲೊ ಹಿಡಿದು ವಾದ್ಯಗಾರರ ಸಾಲಲ್ಲಿ ಕೂತಿದ್ದ. ಇದು ನಿನ್ನ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಪವಾಡಕ್ಕೆ ಹೊಂದಲಿಲ್ಲ ಅಂತ ಬಿಟ್ಟೆಯಾ?

ಕೆಲಸ ಬರಿ, ಮಾರಾಯ. ಪಿಯಾನೊ ಪಕ್ಕದಲ್ಲಿ ಒಬ್ಬೊಬ್ಬ ಗಾಯಕನ ತಾಲೀಮು, ವಾದ್ಯದವರದೇ ತಾಲೀಮು, ಆಮೇಲೆ ಎರಡೂ ಕೂಡಿ, ಅಭಿನಯವಿಲ್ಲದೆ ಕೂತು. ವೇದಿಕೆ ಕೊನೆಗೆ. ‘ಐದಾ’ದ ವಿಜಯ ಮೆರವಣಿಗೆಗೆ ಆರು ನೀಳ ತುತ್ತೂರಿ, ಮೂರು ಒಂದು ಶ್ರುತಿಯವು, ಮೂರು ಇನ್ನೊಂದರವು. ನುಡಿಸುವವರು 34 ಮೀಟರ್ ಹಿಂದೆ ನಿಂತರೆ ವಾದ್ಯವೃಂದದ ನಾದ ಅವರನ್ನು ಮುಟ್ಟುವುದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ. ಕಿವಿ ನಂಬಿ ನುಡಿಸಿದರೋ, ಅವರ ನಾದ ವಾಪಸು ಬರುವಷ್ಟರಲ್ಲಿ ತಡ ಇಮ್ಮಡಿ, ತಾಳ ಕೆಟ್ಟಿತು. ಕಂಡಕ್ಟರನ ಕೋಲನ್ನೇ ನೋಡಿ, ಕೇಳಿದ್ದಕ್ಕಿಂತ ಚೂರು ಮುಂಚೆ ಊದಬೇಕು. ಇಂಥ ಒಂದು ಪುಟ ನಿನ್ನ ವಿಶೇಷಣಗಳಿಗೆಲ್ಲ ಸಮ.

1931ರ ಬೊಲೊನ್ಯಾ ಪ್ರಸಂಗ ಓದುವಾಗ ಮಾತ್ರ ಮೈ ಜುಂ ಅಂತು. ಮುಸೊಲಿನಿಯ ಫ್ಯಾಸಿಸ್ಟರ ಗೀತೆ ನುಡಿಸಲಾರೆ ಅಂದದ್ದಕ್ಕೆ ರಂಗಮಂದಿರದ ಬಾಗಿಲಲ್ಲೇ ಹೊಡೆದರು. ಎಷ್ಟು ಸಂಯಮದಿಂದ ಬರೆದಿದ್ದೀ! ಆದರೆ 1919ರಲ್ಲಿ ಅವನು ಅದೇ ಮುಸೊಲಿನಿಯ ಪಟ್ಟಿಯಲ್ಲೇ ಮಿಲಾನಿನಲ್ಲಿ ಚುನಾವಣೆಗೆ ನಿಂತು ಸೋತದ್ದೆಲ್ಲಿ? ಅದಿಲ್ಲದೆ ಈ ಹೊಡೆತಕ್ಕೆ ಅರ್ಧ ತೂಕ. ನಮ್ಮಲ್ಲಿ ಜೀವನಚರಿತ್ರೆ ಅಂದರೆ ಅಭಿನಂದನ ಗ್ರಂಥ ಎಂದಾಗಿಬಿಟ್ಟಿದೆ, ಅದರ ಮೇಲೆ ನನಗೆ ಹಳೆಯ ಕೋಪ. ನೀನೂ ಆ ಸಾಲಿಗೆ ಸೇರುವುದು ನನಗೆ ಬೇಡ.

ಕೊನೆಯ ಪುಟದಲ್ಲಿ ‘ನಿವೃತ್ತರಾದರು’ ಎಂದಷ್ಟೇ ಇದೆ. 1954ರ ಏಪ್ರಿಲ್ 4, ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಅವನ ಕೊನೆಯ ಕಚೇರಿ, 87ರ ವಯಸ್ಸು. ಜರ್ಮನ್ ಸಂಗೀತಕಾರ ವಾಗ್ನರ್‌ನ ಸಂಗೀತದ ನಡುವೆ ನೆನಪು ಕೈಕೊಟ್ಟಿತು. ನೇರ ಪ್ರಸಾರ ಮಾಡುತ್ತಿದ್ದ ರೇಡಿಯೊದವರು ಗಾಬರಿಯಾಗಿ ಬ್ರಾಮ್ಸ್ ಎಂಬ ಇನ್ನೊಬ್ಬ ಸಂಗೀತಕಾರನ ಕೃತಿಯ ಧ್ವನಿಮುದ್ರಿಕೆ ಹಾಕಿದರು. ಕಂಠಪಾಠದಿಂದಲೇ ಎದ್ದ ಮನುಷ್ಯನಿಗೆ ಹೀಗಾದಾಗ ಎದುರು ಕೂತ ವಾದ್ಯಗಾರರು ಏನು ಮಾಡಿರಬೇಕು, ತಮ್ಮಾ? ಅದನ್ನು ಹುಡುಕಿ ಬರೆದು, ಆ ಅಧ್ಯಾಯವನ್ನು ಮೊದಲು ಕಳಿಸು.

ನಿನ್ನ,
ಅಣ್ಣ