ಹೊಲದಲ್ಲಿ ಸಿಕ್ಕ ಪಾವಲಿಯನ್ನು ಯಾರ ಕೈಗೆ ಕೊಡಲಿ?

ಮಾನ್ಯ ಸಂಪಾದಕರೇ,

ಕಡಲೆಗಿಡ ಕಿತ್ತಾದ ಮೇಲೆ ನಮ್ಮ ಹೊಲ ಖಾಲಿ ಬಿದ್ದಿರುತ್ತದೆ. ಈ ಸಲ ಅಲ್ಲಿ ನನ್ನ ತಂಗಿ ಮಗ ಮೆಟಲ್ ಡಿಟೆಕ್ಟರ್ ಹಿಡಿದುಕೊಂಡು ಓಡಾಡಿದ. ಆನ್‌ಲೈನಲ್ಲಿ ತರಿಸಿದ್ದ ಸಾಧಾರಣ ಯಂತ್ರ ಅದು. ನಮ್ಮ ಹೊಲದ ಬದುವಿಗೆ ಅಂಟಿಕೊಂಡೇ ಹಳೇ ಸಂತೆಮಾಳ ಇದೆ. ನೂರು ವರ್ಷದ ಹಿಂದೆ ವಾರ ವಾರ ಅಲ್ಲಿ ಸಂತೆ ಸೇರುತ್ತಿತ್ತು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಸಂತೆ ಅಂದಮೇಲೆ ಸೊಂಟದ ಚೀಲದಿಂದ, ಸೆರಗಿನ ಗಂಟಿನಿಂದ ಕಾಸು ಜಾರಿ ಬೀಳದೆ ಇರುತ್ತದಾ? ಅದನ್ನೇ ಹುಡುಕೋಣ ಅಂತ ಹುಡುಗನ ಆಸೆ. ನಾನೂ ಜೊತೆಗೆ ಹೋದೆ.

ಯಂತ್ರದ ತುದಿಯಲ್ಲಿ ತಟ್ಟೆಯ ಹಾಗೆ ಒಂದು ಕಾಯಿಲ್ ಇರುತ್ತದೆ. ಅದು ಮಣ್ಣಿನೊಳಕ್ಕೆ ಕಾಂತಕ್ಷೇತ್ರ ಬಿಡುತ್ತದೆ. ಕೆಳಗೆ ಲೋಹ ಇದ್ದರೆ ಅದರಲ್ಲಿ ಸಣ್ಣಗೆ ವಿದ್ಯುತ್ ಸುತ್ತುತ್ತದೆ. ಅದನ್ನು ಕಾಯಿಲ್ ಹಿಡಿದು ಸದ್ದು ಮಾಡುತ್ತದೆ. ಕಬ್ಬಿಣಕ್ಕೆ ದಪ್ಪ ದನಿ, ಬೆಳ್ಳಿಗೆ ಸಣ್ಣ, ಚೂಪು ದನಿ. ನಮ್ಮ ಕೆಂಪು ಮಣ್ಣಲ್ಲಿ ಕಬ್ಬಿಣದ ಅಂಶ ಜಾಸ್ತಿ, ಹಾಗಾಗಿ ಮೊದಲ ಅರ್ಧ ಗಂಟೆ ಸುಮ್ನೆ ಕೂಗಿದ್ದೇ ಕೂಗಿದ್ದು. ಮಣ್ಣಿಗೆ ತಕ್ಕ ಹಾಗೆ ಹೊಂದಿಸಿಕೊಂಡ ಮೇಲೆ ಸರಿಹೋಯಿತು. ಎತ್ತಿನ ಲಾಳ ಸಿಕ್ಕಿತು. ಸೋಡಾ ಮುಚ್ಚಳ, ಟ್ರ್ಯಾಕ್ಟರ್ ಬೋಲ್ಟು, ಮಾತ್ರೆ ಹಾಳೆ ಸಿಕ್ಕವು. ಮೂರನೇ ದಿನ ಸಂಜೆ, ಹುಣಸೆ ಮರದ ನೆರಳು ಬೀಳುವ ಜಾಗದಲ್ಲಿ ಆ ಚೂಪು ದನಿ ಕೇಳಿತು. ಹುಡುಗ ಒಂದು ಬೊಗಸೆ ಅಗಲಕ್ಕೆ ಮಣ್ಣು ಕೊಯ್ದು ಎತ್ತಿದ. ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಆಳದಲ್ಲಿ, ಕಪ್ಪಗೆ, ಬಟನ್ನಿನ ಹಾಗೆ ಒಂದು ಬಿಲ್ಲೆ ಅಂಟಿಕೊಂಡಿತ್ತು. ಹೆಬ್ಬೆರಳಲ್ಲಿ ಮಣ್ಣು ಸರಿಸಿದರೆ ಐದನೇ ಜಾರ್ಜ್ ದೊರೆಯ ಕಿರೀಟ ಕಾಣಿಸಿತು. ಪಾವಲಿ! ನಾಲ್ಕಾಣೆ. ಇಸವಿ 1917.

ಹುಡುಗ ಕುಣಿದಾಡಿಬಿಟ್ಟ. ಮನೆಗೆ ಬಂದ ಕೂಡಲೇ ನನ್ನವಳು ಹುಣಸೆಹಣ್ಣು ತಂದು ಉಜ್ಜಲು ಕೂತಳು. ಬೇಡ ಅಂತ ಕೈಯಿಂದ ಕಿತ್ತುಕೊಂಡೆ. ಹುಣಸೆಹಣ್ಣು, ಬೂದಿ, ಪಾತ್ರೆ ಪುಡಿ, ಯಾವುದು ಹಾಕಿ ಉಜ್ಜಿದರೂ ಹಳೇ ನಾಣ್ಯದ ಮೇಲಿನ ಗೆರೆಗಳು ಸವೆಯುತ್ತವೆ. ಒಮ್ಮೆ ಹೋದರೆ ಹೋಯಿತು. ದಯವಿಟ್ಟು ಯಾರೂ ಉಜ್ಜಬೇಡಿ.

ಮರುದಿನ ಆ ಪಾವಲಿ ತೆಗೆದುಕೊಂಡು ಒಂದು ಸರ್ಕಾರಿ ಕಚೇರಿಗೆ ಹೋದೆ. ನೆಲದಲ್ಲಿ ಸಿಕ್ಕಿದ್ದು, ತಿಳಿಸೋದು ನನ್ನ ಕೆಲಸ ಅಲ್ವಾ? ಮೂರು ಮೇಜು ಅಲೆದೆ. ಕೊನೆಯ ಮೇಜಿನವರು ಒಳ್ಳೆಯವರೇ, ಕೂರಿಸಿ ಮಾತಾಡಿಸಿದರು. "ಯಜಮಾನ್ರೇ, ಒಂದು ನಾಲ್ಕಾಣೆಗೆ ಯಾಕೆ ಇಷ್ಟು ತಲೆನೋವು? ಮನೇಲಿಟ್ಕೊಳ್ಳಿ, ಯಾರಿಗೂ ಹೇಳಬೇಡಿ" ಅಂದರು. ಆ ಮಾತೇ ಈ ಪತ್ರ ಬರೆಸುತ್ತಿದೆ. ಯಾಕೆಂದರೆ "ಯಾರಿಗೂ ಹೇಳಬೇಡಿ" ಅನ್ನುವ ಮಾತು ನಮ್ಮ ಮನೆಯಲ್ಲಿ ಮೊದಲೇ ಒಂದು ಸಲ ಕೆಲಸ ಕೆಡಿಸಿದೆ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಹಳೇ ಮನೆಯ ಗೋಡೆ ಕೆಡವಿದರು. ಒಲೆಯ ಹಿಂದಿನ ಗೋಡೆಯ ಬುಡದಲ್ಲಿ ಒಂದು ಮಣ್ಣಿನ ಕುಡಿಕೆ ಸಿಕ್ಕಿತು. ಒಳಗೆ 17 ಬೆಳ್ಳಿ ರೂಪಾಯಿ. ಆಗೆಲ್ಲಾ ಹಳ್ಳಿಯಲ್ಲಿ ಬ್ಯಾಂಕು ಎಲ್ಲಿತ್ತು? ಗೋಡೆ, ಒಲೆ, ಹಗೇವು ಇವೇ ಬ್ಯಾಂಕು. ಪೊಲೀಸರಿಗೆ ಗೊತ್ತಾದರೆ ಎಳೆದುಕೊಂಡು ಹೋಗುತ್ತಾರೆ ಅಂತ ಅಪ್ಪನಿಗೆ ಭಯ. ರಾತ್ರಿಯೇ ಆಚಾರಿ ಮನೆಗೆ ಹೋಯಿತು ಕುಡಿಕೆ. ಹಳೇ ರೂಪಾಯಿ ಅಂದರೆ ಸರಿಯಾಗಿ ಒಂದು ತೊಲ, 11.66 ಗ್ರಾಂ, ಅದರಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿ. ಹದಿನಾರು ರೂಪಾಯಿ ಕರಗಿ ಅಕ್ಕನ ಕಾಲಿಗೆ ಗೆಜ್ಜೆ, ನನ್ನ ಸೊಂಟಕ್ಕೆ ಉಡಿದಾರ ಆಯಿತು. ಒಂದನ್ನು ಮಾತ್ರ ಅಮ್ಮ ದೇವರ ಗೂಡಲ್ಲಿ ಇಟ್ಟಿದ್ದರು. ಅದು ರಾಣಿ ರೂಪಾಯಿ, ವಿಕ್ಟೋರಿಯಾ ರಾಣಿಯ ಮುಖ ಇರುವಂಥದ್ದು. ಇಸವಿ 1862.

ಅಪ್ಪನ ಮೇಲೆ ನನಗೆ ಎಳ್ಳಷ್ಟೂ ಕೋಪ ಇಲ್ಲ. ಆದರೆ ಉಳಿದ ಹದಿನಾರರ ಇಸವಿ ಯಾರೂ ನೋಡಲಿಲ್ಲ ಅನ್ನುವ ಸಂಕಟ ಈ ವಯಸ್ಸಿನಲ್ಲಿ ಜಾಸ್ತಿಯಾಗುತ್ತಿದೆ. 1862 ಅಂತ ಇರುವ ರೂಪಾಯಿಗಳು 1874ರವರೆಗೂ ಅದೇ ಇಸವಿ ಹೊತ್ತು ಅಚ್ಚಾದವು. ಇಸವಿಯ ಹತ್ತಿರದ ಸಣ್ಣ ಚುಕ್ಕಿ ಎಣಿಸಿ ಬಲ್ಲವರು ಬೇರೆ ಬೇರೆ ಅಚ್ಚು ಗುರುತಿಸುತ್ತಾರೆ. ಹಾಗಾಗಿ ಆ ಒಂದು ನಾಣ್ಯ ನೋಡಿ ಕುಡಿಕೆ ಯಾವಾಗ ಹೂತಿದ್ದು ಅಂತ ಹೇಳಲು ಆಗುವುದಿಲ್ಲ. ಹದಿನೇಳೂ ಒಟ್ಟಿಗೆ ಇದ್ದಿದ್ದರೆ, ಅವುಗಳಲ್ಲಿ ಎಲ್ಲಕ್ಕಿಂತ ಈಚಿನದು ಯಾವುದು ಅಂತ ನೋಡಿದರೆ ಸಾಕಿತ್ತು. ಎಲ್ಲವೂ 1877ಕ್ಕಿಂತ ಹಿಂದಿನವಾಗಿದ್ದರೆ 1876-78ರ ಧಾತು ಈಶ್ವರ ಬರದ ಕಾಲದಲ್ಲಿ ಹೂತಿಟ್ಟು ಊರು ಬಿಟ್ಟವರಿರಬಹುದು ಅಂತ ಯೋಚಿಸಬಹುದಿತ್ತು. ಐದನೇ ಜಾರ್ಜಿನ 1918ರ ರೂಪಾಯಿಗೆ ನಿಂತಿದ್ದರೆ, ಆ ವರ್ಷದ ಇನ್‌ಫ್ಲುಯೆಂಜಾದಲ್ಲಿ ಮನೆಯ ಯಜಮಾನನೇ ಹೋಗಿಬಿಟ್ಟನೇನೋ, ಕುಡಿಕೆ ಎಲ್ಲಿದೆ ಅಂತ ಹೇಳುವಷ್ಟೂ ಹೊತ್ತು ಸಿಗಲಿಲ್ಲವೇನೋ ಅಂತ ಊಹಿಸಬಹುದಿತ್ತು. ಅವರು ನಮ್ಮವರೇ. ನಮ್ಮ ಒಲೆಯ ಹಿಂದೆ ಮಲಗಿದವರು. ಅವರ ಬಗ್ಗೆ ತಿಳಿಯಲು ಇದ್ದ ಒಂದೇ ದಾರಿ ಆಚಾರಿಯ ಮೂಸೆಯಲ್ಲಿ ಕರಗಿಹೋಯಿತು. ಮೂಸೆಗೆ ಇಸವಿ ಗೊತ್ತಿಲ್ಲ, ತೂಕ ಮಾತ್ರ ಗೊತ್ತು.

ಜನ ಹೆದರುವುದಕ್ಕೆ ಕಾರಣ ಇದೆ. 1878ರಲ್ಲಿ ಬ್ರಿಟಿಷರು ಮಾಡಿದ ನಿಧಿ ಕಾಯ್ದೆಯ ಪ್ರಕಾರ, ಮಣ್ಣಲ್ಲಿ ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯದ್ದು ಸಿಕ್ಕರೆ ಕಲೆಕ್ಟರಿಗೆ ಬರೆದು ತಿಳಿಸಬೇಕು. ತಿಳಿಸದಿದ್ದರೆ ಒಂದು ವರ್ಷದವರೆಗೆ ಜೈಲು. ಆಗ ಹತ್ತು ರೂಪಾಯಿ ಅಂದರೆ ಹತ್ತು ಬೆಳ್ಳಿ ರೂಪಾಯಿ! ಈಗ ಒಂದು ಪಾವಲಿಯೇ ಆ ಲೆಕ್ಕ ದಾಟುತ್ತದೆ. ಆಮೇಲೆ ನಮ್ಮ ರಾಜ್ಯ 1962ರಲ್ಲಿ ತನ್ನದೇ ನಿಧಿ ಕಾಯ್ದೆ ಮಾಡಿಕೊಂಡಿತು. 1972ರ ಕೇಂದ್ರದ ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅಂದರೆ ನಮ್ಮ ಪಾವಲಿಯೂ ಅದರಲ್ಲಿ ಬಂತು. ಕಾನೂನು ಇರಲಿ, ಬೇಕು. ಆದರೆ ತಿಳಿಸಲು ಬಂದ ರೈತನಿಗೆ ಬಾಗಿಲು ಯಾವುದು ಅಂತ ತೋರಿಸುವವರು ಬೇಡವಾ?

ಇನ್ನೊಂದು ಕಡೆ ಈ ಡಿಟೆಕ್ಟರುಗಳನ್ನು ಮಾರುವವರ ಆಟ ನೋಡಿ. ಮೊಬೈಲ್ ತೆಗೆದರೆ ಸಾಕು, "ಮೂವತ್ತು ಅಡಿ ಆಳದ ಚಿನ್ನ ತೋರಿಸುತ್ತದೆ" ಅನ್ನುವ ವಿಡಿಯೊ. ಅದು ಶುದ್ಧ ಸುಳ್ಳು. ಒಂದು ನಾಣ್ಯವನ್ನು ನಮ್ಮಂಥವರು ಕೊಳ್ಳುವ ಯಂತ್ರ ಒಂದು ಗೇಣು, ಹೆಚ್ಚೆಂದರೆ ಇನ್ನೊಂದಿಷ್ಟು ಆಳದಲ್ಲಿ ಹಿಡಿಯುತ್ತದೆ, ಅಷ್ಟೇ. ಆ ಸುಳ್ಳು ನಂಬಿ ಸಾಲ ಮಾಡಿ ಯಂತ್ರ ತಂದವರು ಹೊಲದಲ್ಲಿ ಏನೂ ಸಿಗದೆ ಹಾಳು ಗುಡಿ, ಕೋಟೆ, ವೀರಗಲ್ಲಿನ ಬುಡಕ್ಕೆ ಹಾರೆ ಹಾಕುತ್ತಾರೆ. ಚಿತ್ರದುರ್ಗದ ಕೋಟೆಯಂಥ ಸಂರಕ್ಷಿತ ಜಾಗದಲ್ಲಿ, ಅದರ ಸುತ್ತ ನೂರು ಮೀಟರಿನೊಳಗೆ ಅಗೆಯುವುದು ಅಪರಾಧ. ಅಂಥವರನ್ನು ಹಿಡಿಯಲಿ, ಶಿಕ್ಷೆಯೂ ಆಗಲಿ. ಸ್ವಂತ ಹೊಲದಲ್ಲಿ ಉಳುವಾಗ ಒಂದು ನಾಣ್ಯ ಕಂಡವನನ್ನೂ ಅವರನ್ನೂ ಒಂದೇ ಕಣ್ಣಲ್ಲಿ ನೋಡಬೇಡಿ ಅನ್ನುವುದಷ್ಟೇ ನನ್ನ ಬೇಡಿಕೆ.

ನಮ್ಮ ರೂಪಾಯಿ ಮೇಲೆ ತಮ್ಮ ರಾಣಿಯ ಮುಖ ಒತ್ತಿದವರ ದೇಶದಲ್ಲೇ ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. ಇಂಗ್ಲೆಂಡಿನಲ್ಲಿ 1996ರ ಕಾಯ್ದೆ ಪ್ರಕಾರ ನಿಧಿ ಅನ್ನಿಸುವಂಥದ್ದು ಸಿಕ್ಕರೆ 14 ದಿನದೊಳಗೆ ತಿಳಿಸಬೇಕು. ಅದರ ಜೊತೆಗೆ 1997ರಿಂದ ಇನ್ನೊಂದು ಏರ್ಪಾಡು ಇದೆ. ಜನರ ಹತ್ತಿರ ಬಂದು ನೋಡುವ ಅಧಿಕಾರಿಗಳು ಅಲ್ಲಲ್ಲಿ ಇದ್ದಾರೆ. ಬಿಡಿ ನಾಣ್ಯ, ಗುಂಡಿ, ಬಕಲು ಏನೇ ತೋರಿಸಿದರೂ ಎಲ್ಲಿ ಸಿಕ್ಕಿತು ಅಂತ ಬರೆದುಕೊಂಡು, ಫೋಟೊ ತೆಗೆದು, ಸಾಮಾನ್ಯವಾಗಿ ವಸ್ತುವನ್ನು ವಾಪಸ್ ಕೊಡುತ್ತಾರೆ. ಹೀಗೆ ಹತ್ತು ಲಕ್ಷಕ್ಕೂ ಜಾಸ್ತಿ ವಸ್ತುಗಳು ದಾಖಲಾಗಿವೆ.

ನಮ್ಮ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ ಅಷ್ಟು ದೊಡ್ಡದು ಮಾಡಬೇಕಾಗಿಲ್ಲ. ತಿಂಗಳಿಗೆ ಒಂದು ದಿನ, ತಾಲ್ಲೂಕಿಗೆ ಒಬ್ಬರು ಬರಲಿ. ಒಂದು ತಕ್ಕಡಿ, ಒಂದು ಭೂತಗನ್ನಡಿ, ಒಂದು ರಿಜಿಸ್ಟರ್ ಸಾಕು. ಯಾವ ಸರ್ವೆ ನಂಬರು, ಎಷ್ಟು ಆಳ, ಯಾವ ಇಸವಿ ಅಂತ ಬರೆದುಕೊಂಡು ರೈತನಿಗೆ ಒಂದು ರಶೀದಿ ಕೊಡಲಿ. ಆ ರಶೀದಿ ಇದ್ದವನನ್ನು ಯಾರೂ ಕಳ್ಳನ ಹಾಗೆ ನೋಡುವುದಿಲ್ಲ ಅಂತ ಪಂಚಾಯಿತಿ ಬೋರ್ಡಿನಲ್ಲಿ ಬರೆದು ಹಾಕಲಿ. ನಮ್ಮ ಊರೊಂದರಲ್ಲೇ ನಾಲ್ಕೈದು ಮನೆಯ ದೇವರ ಗೂಡಲ್ಲಿ ಇಂಥ ರೂಪಾಯಿಗಳಿವೆ ಅಂತ ನನಗೆ ಗೊತ್ತು. ಅವರೂ ಧೈರ್ಯವಾಗಿ ತರುತ್ತಾರೆ.

ತಂಗಿ ಮಗನಿಗೆ ಯಂತ್ರ ಕಟ್ಟಿಡು ಅಂತ ಹೇಳಿದ್ದೇನೆ. ಪಾವಲಿಯನ್ನು ಒಂದು ಕಾಗದದ ಕವರಿನಲ್ಲಿ ಹಾಕಿಟ್ಟಿದ್ದೇನೆ. ಕವರಿನ ಮೇಲೆ ಸರ್ವೆ ನಂಬರು, ಹುಣಸೆ ಮರದಿಂದ ಎಷ್ಟು ಹೆಜ್ಜೆ, ಎಷ್ಟು ಆಳ, ಯಾವ ದಿನ ಅಂತ ಬರೆದಿದ್ದೇನೆ. ಪಕ್ಕದಲ್ಲೇ ಅಮ್ಮನ 1862ರ ರೂಪಾಯಿಯೂ ಇದೆ. ಎರಡನ್ನೂ ಯಾವ ಮೇಜಿನ ಮೇಲೆ ಇಡಬೇಕು ಅಂತ ಸಂಬಂಧಪಟ್ಟವರು ನಿಮ್ಮ ಪತ್ರಿಕೆಯಲ್ಲೇ ತಿಳಿಸಿದರೆ ಮರುದಿನ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ರೈತ, ತುಮಕೂರು ಜಿಲ್ಲೆ