ಟೆಸ್ಸಾ, ಸ್ಕಾಟ್, ನಿಮಗೊಂದು ಥ್ಯಾಂಕ್ಸ್ ಬಾಕಿ ಇತ್ತು

ನಿನ್ನೆ ಕೋಲು ಹಿಡಿಯದೆ ಮೆಟ್ಟಿಲು ಹತ್ತಿದೆ. ಹದಿನಾಲ್ಕು ಮೆಟ್ಟಿಲು! ಕಾಲಿನ ಆಪರೇಷನ್ ಆಗಿ ಐದು ತಿಂಗಳಾಯಿತು. ಮನೆಯವರಿಗೆ, ಡಾಕ್ಟರಿಗೆ, ದಿನಾ ವ್ಯಾಯಾಮ ಮಾಡಿಸಿದವರಿಗೆ ಎದುರಲ್ಲೇ ಥ್ಯಾಂಕ್ಸ್ ಹೇಳಿದ್ದೇನೆ. ಉಳಿದವರು ನೀವಿಬ್ಬರು, ಮಂಜುಗಡ್ಡೆಯ ಮೇಲೆ ಸ್ಕೇಟ್ ಹಾಕಿಕೊಂಡು ಜೋಡಿಯಾಗಿ ಕುಣಿಯುವ ಐಸ್ ಡ್ಯಾನ್ಸ್‌ನಲ್ಲಿ ಗೆದ್ದ ಕೆನಡಾದ ಟೆಸ್ಸಾ ವರ್ಚು ಮತ್ತು ಸ್ಕಾಟ್ ಮೊಯರ್. ಇದು ನಿಮ್ಮವರೆಗೆ ಬರಲಿಕ್ಕಿಲ್ಲ. ಆದರೂ ನಾಲ್ಕು ಜನರ ಮುಂದೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಮಲಗಿದ್ದಲ್ಲೇ ಮೊದಲು ನೋಡಿದ್ದು 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನ ನಿಮ್ಮ ಫ್ರೀ ಡ್ಯಾನ್ಸ್, ಅಂದರೆ ಸ್ಪರ್ಧೆಯ ಕೊನೆಯ ಸುತ್ತು. ಐಸ್ ಡ್ಯಾನ್ಸ್ ಅಂದರೆ ಏನೆಂದೇ ನನಗೆ ಗೊತ್ತಿರಲಿಲ್ಲ. ಇದರಲ್ಲಿ ಜೊತೆಗಾರ್ತಿಯನ್ನು ಗಾಳಿಗೆ ಎಸೆಯುವಂತಿಲ್ಲ, ಎತ್ತುವಾಗ ಕೈ ತಲೆಗಿಂತ ಮೇಲೆ ಹೋಗುವಂತಿಲ್ಲ, ಬರೀ ಬ್ಲೇಡಿನ ಅಂಚು, ಹೆಜ್ಜೆ, ಇಬ್ಬರೂ ಎಷ್ಟು ಹತ್ತಿರವಿದ್ದು ಒಂದೇ ತಾಳಕ್ಕೆ ಸಾಗುತ್ತೀರಿ ಅನ್ನುವುದರಲ್ಲೇ ಗೆಲ್ಲಬೇಕು. ಅವತ್ತು ನೀವು ಚಿನ್ನ ಗೆದ್ದದ್ದು ಒಟ್ಟು ಅಂಕದಲ್ಲಿ ಬರೀ 0.79ರ ಅಂತರದಿಂದ. ನಾನು ಅತ್ತುಬಿಟ್ಟೆ.

ಆಮೇಲೆ ನಿಮ್ಮ ಹಿಂದಿನದನ್ನೆಲ್ಲ ಹುಡುಕಿ ಓದಿದೆ. 1997ರಲ್ಲಿ, ಇನ್ನೂ ಚಿಕ್ಕ ಮಕ್ಕಳಾಗಿದ್ದಾಗ, ಜೊತೆಯಾದವರು ನೀವು. ನನ್ನನ್ನು ಹಿಡಿದು ನಿಲ್ಲಿಸಿದ್ದು 2008ರ ಕತೆ. ಟೆಸ್ಸಾ, ಕಾಲಿನ ಸ್ನಾಯುಗಳಲ್ಲಿ ಒತ್ತಡ ಏರಿ ನಡೆಯುವುದೂ ಕಷ್ಟವಾಗಿ ನಿಮಗೆ ಆಪರೇಷನ್ ಆಯಿತು. ಅತ್ತ ಸ್ಕಾಟ್ ಒಬ್ಬರೇ, ನಿಮ್ಮ ಜಾಗದಲ್ಲಿ ಹಾಕಿ ಸ್ಟಿಕ್, ಮರಳಿನ ಚೀಲ ಹಿಡಿದುಕೊಂಡು ಪ್ರಾಕ್ಟೀಸ್ ಮಾಡಿದರು. ಆ ದಿನಗಳಲ್ಲಿ ನಿಮ್ಮಿಬ್ಬರ ಮಾತು ಹೆಚ್ಚುಕಡಿಮೆ ನಿಂತೇ ಹೋಗಿತ್ತು ಅಂತ ಮುಂದೆ ನೀವೇ ಹೇಳಿಕೊಂಡಿರಿ. ಒಲಿಂಪಿಕ್ ಚಿನ್ನ ಗೆದ್ದವರು ಅದನ್ನು ಮುಚ್ಚಿಡಬಹುದಿತ್ತು, ಅಲ್ವಾ? ಮುಚ್ಚಿಡಲಿಲ್ಲ. ನನ್ನ ಥ್ಯಾಂಕ್ಸ್ ಪದಕಗಳಿಗಿಂತ ಜಾಸ್ತಿ ಅದಕ್ಕೇ.

ಏಕೆಂದರೆ ನನಗೂ ಅದೇ ಆಗಿತ್ತು. ಹತ್ತು ವರ್ಷ ಪಕ್ಕದಲ್ಲೇ ಕೂತು ಕೆಲಸ ಮಾಡಿದ ಗೆಳತಿ ಆಪರೇಷನ್ ಆದಮೇಲೆ ಒಂದು ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಅವಳಿಗೆ ನಾನು ಬೇಡವಾದೆ ಅಂದುಕೊಂಡು ಎರಡು ತಿಂಗಳು ಒಳಗೊಳಗೇ ಕೊರಗಿದೆ. ನಿಮ್ಮದು ಓದಿದ ರಾತ್ರಿ ನಾನೇ ಫೋನ್ ಮಾಡಿದೆ. ಏನು ಕೇಳಿದರೆ ನನಗೆ ನೋವಾಗುತ್ತದೋ ಅಂತ ಹೆದರಿ ಅವಳು ಸುಮ್ನೆ ಕೂತಿದ್ದಳಂತೆ.

2010ರ ವ್ಯಾಂಕೂವರ್ ಒಲಿಂಪಿಕ್ಸ್ ಚಿನ್ನ, ಅದಾದ ಕೆಲವೇ ತಿಂಗಳಿಗೆ ಮತ್ತೊಂದು ಆಪರೇಷನ್, 2014ರ ಸೋಚಿಯಲ್ಲಿ ನಿಮ್ಮದೇ ಕೋಚ್ ಹತ್ತಿರ ಕಲಿಯುತ್ತಿದ್ದ ಅಮೆರಿಕದ ಜೋಡಿಗೆ ಸೋತು ಬೆಳ್ಳಿ. ಅಲ್ಲಿಗೆ ನಿಲ್ಲಿಸಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಎರಡು ವರ್ಷ ಸ್ಪರ್ಧೆಗಳಿಂದ ದೂರವಿದ್ದು, ಮಾಂಟ್ರಿಯಲ್‌ಗೆ ಹೋಗಿ ಹೊಸ ಕೋಚ್‌ಗಳ ಮುಂದೆ ಮತ್ತೆ ಕಲಿಯಲು ನಿಂತಿರಿ. ವ್ಯಾಯಾಮ ಬೇಸರ ಬಂದಾಗೆಲ್ಲ ನಾನು ನೆನೆಸಿಕೊಂಡದ್ದು ಇದನ್ನೇ.

ಚಿಕ್ಕವರಿದ್ದಾಗ ನಿಮ್ಮಿಬ್ಬರ ಕೈ ಸೇರಿಸಿದ ಕ್ಯಾರಲ್ ಮೊಯರ್ ಅವರಿಗೂ ನನ್ನ ನಮಸ್ಕಾರ. 2019ರಲ್ಲಿ ನೀವು ವಿದಾಯ ಹೇಳಿದಾಗ ನನಗೆ ನಿಮ್ಮ ಹೆಸರೇ ಗೊತ್ತಿರಲಿಲ್ಲ, ತಡವಾಗಿದ್ದಕ್ಕೆ ಕ್ಷಮಿಸಿ.

ನಿನ್ನೆ ಮೆಟ್ಟಿಲು ಹತ್ತುವಾಗ ಹಿಂದೆ ಕೈ ಚಾಚಿಕೊಂಡು ಬರುತ್ತಿದ್ದವಳು ಅದೇ ಗೆಳತಿ. ಅವಳ ಕಡೆಯಿಂದಲೂ ನಿಮಗೆ ಥ್ಯಾಂಕ್ಸ್.