ಎಲ್ಲಾನೂ ತಗದು ತೋರಸಬ್ಯಾಡ ತಮ್ಮಾ

ಪ್ರೀತಿಯ ವಿನ್ಯಾಗ,

ಬೆಳಗಾವಿಯಿಂದ ನಿಮ್ಮ ಮೌಶಿ ಆಶೀರ್ವಾದ. ಇಲ್ಲೆ ಎಲ್ಲಾರೂ ಅರಾಮ ಅದೀವಿ, ಮಳಿ ಮಾತ್ರ ನಿಲ್ಲವಲ್ದು, ಅರಿವಿ ಒಣಗವಲ್ಲವು. ನೀ ವಾಟ್ಸಾಪ್‌ನಾಗ "ಮೌಶಿ, ಟಾಪ್ ಟೆನ್ ಕಾಮಿಕ್ಸ್, ಟಾಪ್ ಟೆನ್ ಆನಿಮೇಶನ್ ಪಿಚ್ಚರ್ ಹೇಳು" ಅಂತ ಒಂದ ಸಾಲು ಹಾಕಿ, ಅದರ ಕೆಳಗ ನೀ ಮಾಡಿದ ಕಾಮಿಕ್ಸಿನ ಪಿಡಿಎಫ್ ಬಿಟ್ಟು ಸುಮ್ನ ಕುಂತಿ. ವಾಟ್ಸಾಪ್‌ನಾಗ ಹೇಳಿ ಮುಗಿಯೂ ಮಾತಲ್ಲ ಅದು, ಅದಕ್ಕ ಪತ್ರಾನ ಬರದೀನಿ, ಕುಂತು ಓದು.

ಟಾಪ್ ಟೆನ್ ಗೀಪ್ ಟೆನ್ ನಾ ಕೊಡಂಗಿಲ್ಲಪಾ. ಅಂಥಾ ಲಿಸ್ಟು ಯೂಟ್ಯೂಬಿನಾಗ ಬೇಕಾದಷ್ಟು ಸಿಗ್ತಾವ. ನಾ ನಿನಗ ಹೇಳೂದು ಒಂದ ವಿಷಯ, ಅದನ್ನ ಎಲ್ಲೆಲ್ಲಿ ನೋಡಿ ಕಲೀಬೇಕು ಅನ್ನೂದಕ್ಕ ಒಂದಿಷ್ಟು ಹೆಸರು. ದೊಡ್ಡ ಕೆಲಸ ಮಾಡಿದವರು ಏನು ತಗದಾರ ಅಂತ ಎಲ್ಲಾರೂ ನೋಡ್ತಾರ, ನೀ ಅವರು ಏನು ತಗೀದ ಬಿಟ್ಟಾರ ಅನ್ನೂದನ್ನ ನೋಡು.

ಯಾಕ ಹೇಳಾಕತ್ತೀನಿ ಅಂದ್ರ, ನಿನ್ನ ಮೂರನೇ ಪೇಜ್ ತಗದು ನೋಡು. ನಿನ್ನ ಹೀರೊ ರುದ್ರ ಬೈಕಿನ ಮ್ಯಾಲ ಬರ್ತಾನ, ಹುಬ್ಬು ಗಂಟ ಹಾಕ್ಯಾನ, ಕಣ್ಣು ಕೆಂಪಗ ಮಾಡೀದಿ, ಅಲ್ಲೀತನಕ ಚೊಲೊ ಐತಿ, ಆದ್ರ ಅದರ ಮ್ಯಾಲ ಅಂವನ ಬಾಯಾಗ "ನನಗ ಈಗ ಸಿಟ್ಟು ಬಂದೈತಿ" ಅಂತ ಹಾಕಿ, ಅದೂ ಸಾಲಲಿಲ್ಲಂತ ಮ್ಯಾಲಿನ ಡಬ್ಬಿಯಾಗ "ರುದ್ರನಿಗೆ ಕೋಪ ಬಂದಿತು" ಅಂತ ಬರದೀದಿ. ಒಂದ ಸಿಟ್ಟಿಗೆ ಮೂರು ಸಾಕ್ಷಿ! ಓದಾವ ದಡ್ಡ ಅಲ್ಲ ತಮ್ಮಾ, ಅಂವಗ ಒಂದೀಟು ಕೆಲಸ ಕೊಡು. ಮಾತಿನ ಬಲೂನು ಎಲ್ಲಾ ಎಣಗಾಯಿಗೆ ಮಸಾಲಿ ತುಂಬಿಧಂಗ ತುಂಬೀದಿ, ಒಡದು ಹೊರಗ ಬರಾಕತ್ತಾವ. ಕೈ ಮಾತ್ರ ಮಸ್ತ್ ಐತಿ ನಿಂದು, ಬೈಕಿನ ಹ್ಯಾಂಡಲ್ ಹಿಡದಿರೂ ಬೆರಳು ನೋಡಿ ಖರೇನ ಖುಷಿ ಆತು, ಬೆರಳು ತಗಿಯೂದು ಎಲ್ಲಾರಿಗೂ ಆಗೂದಿಲ್ಲ.

ಮೊದಲ ಓದಬೇಕಾದ್ದು ಸ್ಕಾಟ್ ಮೆಕ್ಲೌಡ್ 1993ರಾಗ ಮಾಡಿದ 'ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್'. ಇದು ಕಾಮಿಕ್ಸ್ ಬಗ್ಗೆ ಕಾಮಿಕ್ಸ್ ರೂಪದಾಗ ಇರೂ ಪುಸ್ತಕ, ಪಾಠದ ಪುಸ್ತಕ ಅಂತ ಹೆದರಬ್ಯಾಡ. ಅದರಾಗ ಒಂದು ಜಾಗಾ ಐತಿ: ಒಂದು ಚೌಕಟ್ಟಿನಾಗ ಒಬ್ಬಾವ ಕೊಡ್ಲಿ ಎತ್ತಿರ್ತಾನ, ಮುಂದ ಇನ್ನೊಬ್ಬಾವ ಓಡ್ತಿರ್ತಾನ, ಮುಂದಿನ ಚೌಕಟ್ಟಿನಾಗ ಬರೇ ರಾತ್ರಿ ಊರು, ಮ್ಯಾಲ ಒಂದು ಚೀರಿದ ಸಪ್ಪಳ. ಕೊಡ್ಲಿ ಬಿದ್ದದ್ದು ಎಲ್ಲಿ? ಎರಡು ಚೌಕಟ್ಟಿನ ನಡಕ ಇರೂ ಬಿಳಿ ಜಾಗಾದಾಗ. ಹೊಡದಾವ ಯಾರು? ಓದಾವನ. ಇದೊಂದು ತಲಿಯಾಗ ಕುಂತ್ರ ನಿನ್ನ ಇಪ್ಪತ್ತು ಪೇಜಿನ ಫೈಟ್ ಐದು ಪೇಜಿಗೆ ಇಳೀತೈತಿ.

ನಮ್ಮ ಮಂದ್ಯಾಗ ಇದು ಇರಲಿಲ್ಲ ಅಂತ ಅಲ್ಲ ಮತ್ತ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ಕಾಮನ್ ಮ್ಯಾನ್ ನೋಡು, ಚೌಕಡಿ ಕೋಟು, ಧೋತರ ಉಟ್ಟ ಮುದುಕ, ಸುತ್ತ ಮಂತ್ರಿಗಳು ಬಡಬಡಿಸ್ತಿರ್ತಾರ, ಅಂವ ಒಂದು ಮಾತೂ ಆಡೂದಿಲ್ಲ. ಟಿಂಕಲ್ ಅನ್ನೂ ಮಕ್ಕಳ ಪತ್ರಿಕೆಯ ಶಿಕಾರಿ ಶಂಭು ಸಣ್ಣಾವಿದ್ದಾಗ ಓದೀದಿ, ಅಂವನ ಕಣ್ಣು ಎಂದರ ನೋಡೀಯೇನು? ಟೊಪ್ಪಿಗಿ ಕೆಳಗ ಮುಚ್ಚಿರ್ತಾವ, ಆದ್ರೂ ಅಂವ ಹೆದರಿದ್ದು ನಿನಗ ತಿಳೀತಿತ್ತು.

ಅಮರ ಚಿತ್ರಕಥೆನೂ ಒಮ್ಮೆ ಹೊಳ್ಳಿ ತಗದು ನೋಡು, ಈ ಸಲ ಮಾಡಾವನ ಕಣ್ಣಿಲೆ. ಅದನ್ನ ಕಟ್ಟಿದ ಅನಂತ ಪೈ ನಮ್ಮ ಕಾರ್ಕಳದವರು, ಮತ್ತ ಆ ಮಾಲಿಕೆಯ ಮೊದಲ ಹತ್ತು ನಂಬರು ಸಿಂಡ್ರೆಲಾ ಅಂಥಾ ಪರದೇಶಿ ಕಥಿ, ಅವು ಬಂದದ್ದು ಕನ್ನಡದಾಗ, ಹನ್ನೊಂದನೇದು ಕೃಷ್ಣ. ಇದು ಎಷ್ಟೋ ಕನ್ನಡದವರಿಗೇ ಗೊತ್ತಿಲ್ಲ. ನನಗ ಆ ಪುಸ್ತಕದ ಮ್ಯಾಲ ಪ್ರೀತಿ ಭಾಳ, ಆದ್ರ ಒಳ್ಳೆಯವರೆಲ್ಲಾ ಬೆಳ್ಳಗ, ರಾಕ್ಷಸರೆಲ್ಲಾ ಕರ್ರಗ ತಗಿಯೂ ಚಟ ನಿನಗ ಹತ್ತಬಾರದು, ನಿನ್ನ ವಿಲನ್‌ಗೂ ಸುಮ್ನ ಕರಿ ಬಣ್ಣ ಬಳದೀದಿ, ಯಾಕಂತ ವಿಚಾರ ಮಾಡು.

ಇನ್ನ 'ಭೀಮಾಯಣ'. ಇದನ್ನ ಓದದ ನೀ ಕಾಮಿಕ್ಸ್ ಮಾಡ್ತೀನಿ ಅಂದ್ರ ನಾ ಒಪ್ಪಂಗಿಲ್ಲ. 2011ರಾಗ ಬಂತು, ಬಾಬಾಸಾಹೇಬರ ಕಥಿ, ಚಿತ್ರ ತಗದಾವರು ಪರಧಾನ್ ಗೋಂಡ್ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತ ಸುಭಾಷ್ ವ್ಯಾಮ್. ಅವರು ಚೌಕಟ್ಟನ್ನ ಹಾಕಿಲ್ಲ ನೋಡು, ಮನಿ ಗೋಡಿ-ನೆಲದ ಮ್ಯಾಲ ಹಾಕೂ ದಿಗ್ನಾ ಅನ್ನೂ ಚಿತ್ತಾರದ ಸಾಲಿನಿಂದ ಪೇಜ್ ಬ್ಯಾರೆ ಬ್ಯಾರೆ ಮಾಡ್ಯಾರ. ಮಾತಿನ ಬಲೂನು ನೋಡು, ಮೆತ್ತಗ ಮಾತಾಡಾವರ ಬಲೂನು ಹಕ್ಕಿ ಆಕಾರದಾಗ, ಮೈಲಿಗಿ-ಗೀಲಿಗಿ ಅಂತ ಬಿರುಸು ಮಾತಾಡಾವರ ಬಲೂನಿಗೆ ಚೇಳಿನ ಬಾಲ. ಅಂದ್ರ ಆ ಮನಶ್ಯಾನ ಮುಖ ಕೆಟ್ಟದಾಗಿ ತಗಿಯೂ ಜರೂರತ್ತ ಇಲ್ಲ, "ಅವನು ಕ್ರೂರವಾಗಿ ಹೇಳಿದ" ಅಂತ ಬರಿಯೂ ಜರೂರತ್ತೂ ಇಲ್ಲ, ಕೊಂಡಿ ನೋಡಿದ್ರ ಸಾಕು. ಅದರಾಗ 1901ರಾಗ ಸಣ್ಣ ಹುಡುಗ ಭೀಮ ಅಣ್ಣ ಜೋಡಿ ಅಪ್ಪನ ಕಡೆ ಹೊಂಟಾಗ ಮಸೂರ್ ಸ್ಟೇಶನ್‌ದಾಗ ಜಾತಿ ಗೊತ್ತಾಗಿ ಯಾವ ಬಂಡಿಯಾವನೂ ಕರಕೊಂಡು ಹೋಗೂದಿಲ್ಲ, ಕಡೀಕ ಒಬ್ಬಾವ ಡಬಲ್ ಬಾಡಿಗಿ ತಗೊಂಡು ಹುಡುಗೂರ ಕೈಲೇ ಬಂಡಿ ಹೊಡಿಸ್ತಾನ. ನಾವು ಪುಣೆಕ್ಕ ಹೋಗೂವಾಗ ಮಿರಜ್, ಕರಾಡ ದಾಟಿದ ಮ್ಯಾಲ ಬರೂ ಸ್ಟೇಶನ್ ಅದು, ಕಿಡಕ್ಯಾಗಿಂದ ಎಷ್ಟು ಸಲ ನೋಡೀದಿ, ಈಗ ಗೊತ್ತಾದ ಮ್ಯಾಲ ನೋಡು.

ಗೆರಿ ಕಡಿಮಿ ಮಾಡೂದು ಕಲೀಬೇಕಂದ್ರ ಮರ್ಜಾನ್ ಸತ್ರಪಿಯ 'ಪರ್ಸೆಪೊಲಿಸ್'. ಇರಾನಿನ ಕ್ರಾಂತಿ ಕಾಲದ ಹುಡುಗಿ, ಅಚ್ಚ ಕರಿ ಅಚ್ಚ ಬಿಳಿ, ನಡಕ ಒಂದು ಬೂದಿ ಬಣ್ಣ ಸೈತ ಇಲ್ಲ. ಮೊದಲನೇ ಪೇಜಿನಾಗ ಸಾಲಿ ಹುಡುಗ್ಯಾರಿಗೆ ತಲಿ ಮುಚ್ಚೂ ಅರಿವಿ ಕಡ್ಡಾಯ ಆಗಿರ್ತೈತಿ, ಆ ಹುಡುಗ್ಯಾರು ಅದನ್ನ ಹಗ್ಗಾ ಮಾಡಿ ಜಿಗೀತಿರ್ತಾರ, ಭೂತ ಮಾಡಿ ಹೆದರಸ್ತಿರ್ತಾರ. ಅಷ್ಟ. ಭಾಷಣಾ ಇಲ್ಲ. ಇದು 2007ರಾಗ ಪಿಚ್ಚರೂ ಆತು, ಆದ್ರ ಪುಸ್ತಕ ಮೊದಲ ಓದು. ಆರ್ಟ್ ಸ್ಪೀಗಲ್‌ಮನ್‌ನ 'ಮೌಸ್' ಈಗ ಬ್ಯಾಡ, ಅದು ಎದಿ ಭಾರ ಮಾಡೂ ಪುಸ್ತಕ, ಡಿಗ್ರಿಗೆ ಬಾ ಕೊಡ್ತೀನಿ. ಜಪಾನಿನ ಟೆಝುಕಾನ 'ಬುದ್ಧ' ಮಾತ್ರ ಸೂಟಿಯಾಗ ಪೂರ್ತಿ ಓದು. ಮೊದಲನೇ ಭಾಗದಾಗ ಒಂದು ಮೊಲ ಮುದುಕನ ಸಲುವಾಗಿ ಬೆಂಕಿಗೆ ಜಿಗಿಯೂ ಕಥಿ ಬರ್ತೈತಿ, ನಮ್ಮ ಜಾತಕ ಕಥಿನ ಅದು, ಜಪಾನಿನಾವ ಹೆಂಗ ಕಟ್ಯಾನ ನೋಡು. ನೀ ಮಾಂಗಾ, ಅಂದ್ರ ಜಪಾನಿನ ಕಾಮಿಕ್ಸು, ಅಂದ್ರ ಬರೇ ದೊಡ್ಡ ಕಣ್ಣು, ನೆಟ್ಟಗ ನಿಂತ ಕೂದಲ ಅಂತ ತಿಳಕೊಂಡೀದಿ.

ಪಿಚ್ಚರಿಗೆ ಬರೂಣು. ಗಿಬ್ಲಿ ಗಿಬ್ಲಿ ಅಂತ ಎಐ ಕೈಲೆ ಫೋಟೊ ಮಾಡ್ಸಿ ಡಿಪಿ ಹಾಕೀದಿ, ನಿಮ್ಮಪ್ಪಂದೂ ಹಾಕ್ಸೀದಿ, ಅಂವರ ಮೀಸಿ ಎಲ್ಲಿ ಹೋತು? ಇರ್ಲಿ. ಗಿಬ್ಲಿ ಅಂದ್ರ ಜಪಾನಿನ ಆನಿಮೇಶನ್ ಸ್ಟುಡಿಯೊ, ಅಲ್ಲಿಯ ಮಿಯಾಝಾಕಿಯ 'ಮೈ ನೇಬರ್ ಟೊಟೊರೊ' ಹಚ್ಚು, 1988ರದು. ಅದರಾಗ ಬಸ್ ಸ್ಟಾಪಿನ ಸೀನ್ ಬರ್ತೈತಿ. ಸಂಜಿ, ಮಳಿ, ಇಬ್ರು ಅಕ್ಕ-ತಂಗಿ ಅಪ್ಪನ ದಾರಿ ಕಾಯ್ತಿರ್ತಾರ, ಸಣ್ಣಾಕಿ ಅಕ್ಕನ ಬೆನ್ನ ಮ್ಯಾಲ ನಿದ್ದಿ ಹೋಗ್ಯಾಳ. ಬಾಜೂಕ ಆ ದೊಡ್ಡ ಪ್ರಾಣಿ ಬಂದು ನಿಂದರ್ತೈತಿ, ತಲಿ ಮ್ಯಾಲ ಒಂದು ಎಲಿ. ಹುಡುಗಿ ಅಪ್ಪಗಂತ ತಂದ ಛತ್ರಿ ಅದಕ್ಕ ಕೊಡ್ತಾಳ. ಗಿಡದಿಂದ ಹನಿ ಛತ್ರಿ ಮ್ಯಾಲ ಟಪ್ ಅಂತ ಬೀಳ್ತೈತಿ, ಅದಕ್ಕ ಆ ಸಪ್ಪಳ ರುಚಿ ಹತ್ತಿ ಧಬಕ್ಕನ ಜಿಗೀತೈತಿ, ಗಿಡದಾಗಿನ ನೀರೆಲ್ಲಾ ಒಮ್ಮೆಲೆ ಸುರೀತೈತಿ. ಏನಾತು ಸೀನಿನಾಗ? ಏನೂ ಆಗಲಿಲ್ಲ, ಬಸ್ ಕಾದ್ರು. ನಮ್ಮ ಜಮಖಂಡಿ ಸ್ಟ್ಯಾಂಡಿನಾಗ ನೀ ದಿನಾ ಕಾಯ್ತಿ, ಅದನ್ನ ಎಂದರ ಒಂದು ಪೇಜ್ ತಗದೀಯೇನು?

ಅದ ದಿನ ಅದರ ಜೋಡೀನ ಬಿಡುಗಡಿ ಆದ ಪಿಚ್ಚರ್ 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್', ಇಸಾವೊ ತಕಹಾತಾ ಮಾಡಿದ್ದು. ಅದನ್ನ ಒಬ್ಬಾವ ರಾತ್ರಿ ಕುಂತು ನೋಡಬ್ಯಾಡ, ನಿಮ್ಮವ್ವನ್ನ ಕುಂಡ್ರಿಸಿಕೊಂಡು ನೋಡು, ಇಬ್ರೂ ಅಳ್ತೀರಿ. ಆದ್ರ ನಿನ್ನ ಕೆಲಸಕ್ಕ ಬೇಕಾಗಿದ್ದು ಅಂವರ ಕಡೀ ಪಿಚ್ಚರ್, 2013ರ 'ಪ್ರಿನ್ಸೆಸ್ ಕಗುಯಾ'. ಅಂಚಿನಾಗ ಕಾಗದ ಹಂಗ ಬಿಳಿ ಬಿಟ್ಟಾರ, ಬಣ್ಣ ಪೂರಾ ತುಂಬಿಲ್ಲ. ಆ ಹುಡುಗಿ ಅರಮನಿ ಬಿಟ್ಟು ಓಡೂವಾಗ ಗೆರಿ ಒರಟಾಗ್ಕೋತ ಆಗ್ಕೋತ ಬರೇ ಇದ್ದಿಲಿ ಗೀಚಿಧಂಗ ಆಗ್ತೈತಿ, ಮೈ ಮ್ಯಾಲಿನ ಅರಿವಿ ಒಂದೊಂದ ಹಾರಿ ಹೋಗ್ತಾವ. ಮತ್ತ ಕೇಳು, ತಕಹಾತಾ ತಾವು ಚಿತ್ರ ತಗಿಯೂ ಆನಿಮೇಟರ್ ಅಲ್ಲ, ನಿರ್ದೇಶಕ ಅಷ್ಟ. ಬರೇ ಕೈ ಬರೋಬರಿ ಇದ್ರ ಆಗ್ಲಿಲ್ಲ ಅನ್ನೂದಕ್ಕ ಇದಕ್ಕಿಂತ ಬ್ಯಾರೆ ಬೇಕೇನು.

ನಿನ್ನ ಸ್ಪೈಡರ್‌ಮ್ಯಾನ್ ಬಿಡಂಗಿಲ್ಲ ನಾ. 2018ರ 'ಇನ್ಟು ದಿ ಸ್ಪೈಡರ್‌ವರ್ಸ್'ನಾಗ ಕಾಡಿನಾಗ ಹಾರೂ ಸೀನ್ ನಿಲ್ಲಿಸಿ ನಿಲ್ಲಿಸಿ ನೋಡು. ಪಿಚ್ಚರಂದ್ರ ಸೆಕೆಂಡಿಗೆ 24 ಫ್ರೇಮು. ಪಳಗಿದ ಪೀಟರ್ ಒಂದೊಂದು ಫ್ರೇಮಿಗೂ ಅಲಗಾಡ್ತಾನ, ಹೊಸಾ ಹುಡುಗ ಮೈಲ್ಸ್ ಎರಡು ಫ್ರೇಮಿಗೊಮ್ಮೆ, ಅಂದ್ರ ಸೆಕೆಂಡಿಗೆ ಹನ್ನೆರಡ ಪೋಜು. ಅಂವಗ ಇನ್ನೂ ಬರೂದಿಲ್ಲ ಅನ್ನೂದನ್ನ ಫ್ರೇಮ್ ಕಡಿಮಿ ಮಾಡಿ ಹೇಳ್ಯಾರ, ಎಂಥಾ ತಲಿ ಇದ್ದೀತು! ನೀ ಹೇಳಿದ 'ಮಹಾವತಾರ ನರಸಿಂಹ' ನಾನೂ ನೋಡಿದೆ, ನಮ್ಮ ದೇಶದ ಆನಿಮೇಶನ್‌ಗೆ ಥೇಟರ್ ತುಂಬಿದ್ದು ನೋಡಿ ಎದಿ ತುಂಬಿತು, ಆದ್ರ ನೀ ಅದರಿಂದ ಬರೇ ಗರ್ಜನಿ ಕಲತು ಬಂದೀದಿ.

ಎಲ್ಲಾಕ್ಕಿಂತ ಮೊದಲ ನೋಡಬೇಕಾದ್ದು ಮಾತ್ರ 'ಫ್ಲೋ'. ಲ್ಯಾಟ್ವಿಯಾ ಅನ್ನೂ ಸಣ್ಣ ದೇಶದ ಗಿಂಟ್ಸ್ ಝಿಲ್ಬಾಲೊಡಿಸ್ 2024ರಾಗ ಮಾಡಿದ್ದು, ಮುಂದಿನ ವರ್ಷ ಆಸ್ಕರ್ ಬಂತು. ಒಂದು ಬೆಕ್ಕು, ಮಹಾಪೂರ, ಒಂದು ದೋಣಿ, ದೋಣ್ಯಾಗ ಒಂದೊಂದ ಪ್ರಾಣಿ ಬಂದು ಸೇರ್ತಾವ, ಮತ್ತ ಇಡೀ ಪಿಚ್ಚರಿನಾಗ ಒಂದು ಮಾತಿಲ್ಲ. ಮಾಡಿದ್ದು ಬ್ಲೆಂಡರ್ ಅನ್ನೂ ಪುಕ್ಕಟ ಸಾಫ್ಟ್‌ವೇರಿನಾಗ, ಯಾರ ಬೇಕಾದ್ರೂ ಡೌನ್‌ಲೋಡ್ ಮಾಡಬಹುದು. ಅದಕ್ಕ ನಿಮ್ಮಪ್ಪಗ ದೊಡ್ಡ ಲ್ಯಾಪ್‌ಟಾಪ್, ದೊಡ್ಡ ಟ್ಯಾಬ್ ಅಂತ ಈಗ ಗಂಟ ಬೀಳಬ್ಯಾಡ. ಈ ಪಿಚ್ಚರ್ ನೋಡೂವಾಗ ನನಗ 2019ರ ಆಗಸ್ಟಿನಾಗ ಕೃಷ್ಣಾ ಹೊಳಿ ಬಂದದ್ದ ಕಣ್ಣ ಮುಂದ. ನಿಮ್ಮ ಅಜ್ಜಿ ಹೊಳಿದಂಡಿ ಮನಿ ಬಿಟ್ಟು ಬರೂವಾಗ, ನೀರು ಹೊಸ್ತಿಲಕ್ಕ ಬಂದಿತ್ತು, ಆದ್ರೂ ಬಾಗಲಾ ಹಾಕಿ ಕೀಲಿ ಹಾಕಿ, ಎರಡು ಸಲ ಜಗ್ಗಿ ನೋಡಿ, ಕೀಲಿಕೈ ಸೊಂಟಕ್ಕ ಸಿಗಿಸಿಕೊಂಡು ಟ್ರ್ಯಾಕ್ಟರ್ ಹತ್ತಿದ್ರು ಅಂತ ನೀನ ನನಗ ಹೇಳಿದ್ದಿ. ಇಂಥಾದ್ದು ಕಣ್ಣೀಲೆ ನೋಡಿದಾವ ನೀ ಯಾಕ ಟೋಕಿಯೊದಾಗ ಕಟ್ಟಡ ಬೀಳ್ಸಾಕತ್ತೀದಿ? ಆ ಕೀಲಿ ಜಗ್ಗೂ ಕೈ ತಗಿ. ನಾಲ್ಕ ಚೌಕಟ್ಟು ಸಾಕು, ಬಲೂನು ಒಂದೂ ಬ್ಯಾಡ.

ವೆಬ್‌ಕಾಮಿಕ್, ಅಂದ್ರ ಇಂಟರ್‌ನೆಟ್ಟಿನಾಗ ಹಾಕೂ ಕಾಮಿಕ್ಸ್, ಅದರ ಕೆಲಸದ್ದು ಒಂದೆರಡು ಮಾತು. ರಾಂಡಲ್ ಮನ್ರೋ 2005ರಿಂದ ಕಡ್ಡಿ ಮನಶ್ಯಾರ ಚಿತ್ರದಾಗ 'ಎಕ್ಸ್‌ಕೆಸಿಡಿ' ನಡಸ್ಯಾನ, ಮುಖಕ್ಕ ಕಣ್ಣು ಮೂಗು ಇಲ್ಲ, ಜಗತ್ತೆಲ್ಲಾ ಓದ್ತೈತಿ. ನಮ್ಮ ನಾಗಪುರದ ರೋಹನ್ ಚಕ್ರವರ್ತಿ 'ಗ್ರೀನ್ ಹ್ಯೂಮರ್' ಅಂತ ಕಾಡು ಪ್ರಾಣಿ ಮ್ಯಾಲ ಮಾಡ್ತಾನ, ಅಂವ ಹಲ್ಲಿನ ಡಾಕ್ಟರಕಿ ಕಲತಾವ, ಅದನ್ನ ಬಿಟ್ಟು ಇದಕ್ಕ ಬಂದಾನ. ಇದನ್ನ ನಿಮ್ಮವ್ವನ ಮುಂದ ಹೇಳಬ್ಯಾಡ ಮತ್ತ, ಕಲಿಯೂದು ಮುಗಿಸಿ ಬಂದಾನ ಅನ್ನೂದ ಅಷ್ಟ ಹೇಳು.

ಕನ್ನಡದಾಗ ಮಾಡೂವಾಗ ಅಕ್ಷರ ಮೊದಲ ಕುಂಡ್ರಿಸು, ಆಮ್ಯಾಲ ಚಿತ್ರ. ಇಂಗ್ಲಿಷಿನಾಗ ನಾಕ ಸಣ್ಣ ಶಬ್ದ ಆಗೂದು ನಮ್ಮಲ್ಲೆ ಒಂದ ಉದ್ದ ಶಬ್ದ ಆಗ್ತೈತಿ, ಸಣ್ಣ ಬಲೂನಿನಾಗ ಅದು ಮುರೀತೈತಿ. ಒತ್ತಕ್ಷರ ಕೆಳಗಿನ ಸಾಲಿಗೆ ಬಡೀತಾವ, ಸಾಲಿನ ನಡಕ ಜಾಗಾ ಬಿಡು. ಮತ್ತ ಮಂದಿ ಓದೂದು ಮೊಬೈಲಿನಾಗ, ಬಟ್ಟಿಲೆ ಮ್ಯಾಲ ತಳ್ಳಿಕೋತ. ಹಂಗಾಗಿ ಎರಡು ಚಿತ್ರದ ನಡಕ ಬಿಟ್ಟ ಉದ್ದ ಜಾಗಾನೂ ಹೊತ್ತು ತೋರಸ್ತೈತಿ, ತುಂಬಬೇಕಂತ ಹೂ ಬಳ್ಳಿ ಹಾಕಬ್ಯಾಡ. ರುದ್ರ ಜಮಖಂಡ್ಯಾವ ಇದ್ದು "ನಾನು ನಿನ್ನನ್ನು ಬಿಡುವುದಿಲ್ಲ" ಅಂತ ಪುಸ್ತಕದಂಗ ಯಾಕ ಮಾತಾಡ್ತಾನ, "ಬಿಡಂಗಿಲ್ಲಲೇ" ಅಂದ್ರ ಜಾಗಾನೂ ಉಳೀತು, ಮನಶ್ಯಾನೂ ಬಂದ.

'ಭೀಮಾಯಣ', ಮೆಕ್ಲೌಡ್ ಎರಡೂ ನಿಮ್ಮ ಮಾಮಾ ಐತವಾರ ಆ ಕಡೆ ಬರೂವಾಗ ಕೊಟ್ಟು ಕಳಸ್ತೀನಿ, ಜೋಡಿ ಅಕ್ಕಗ ಒಂದು ಡಬ್ಬಿ ಕುಂದಾ. 'ಪರ್ಸೆಪೊಲಿಸ್' ಪರೀಕ್ಷಾ ಮುಗದ ಮ್ಯಾಲ. ಪುಸ್ತಕದ ಪೇಜ್ ಮಡಚಿದ್ರ, ಚೂಡಾ ತಿಂದ ಕೈ ಹಚ್ಚಿದ್ರ ಮುಂದ ಒಂದೂ ಕೊಡಂಗಿಲ್ಲ. ಅಜ್ಜೀದು ನಾಲ್ಕ ಚೌಕಟ್ಟು ಪೆನ್ಸಿಲಿನಾಗ ತಗದು ಫೋಟೊ ಹೊಡದು ಕಳಸು, ಇಂಕ್ ಮಾಡೂದಕ್ಕಿಂತ ಮೊದಲ ಕಳಸು.

ನಿನ್ನ ಮೌಶಿ